ಹೈ ಪವರ್ ಎಂಬ ಹೆಸರು, ಚಿಕ್ಕ ಗುಂಡಿನ ಅಪಾಯ: ಪಿಸ್ತೂಲುಗಳ ಪಿತಾಮಹ ಜಾನ್ ಬ್ರೌನಿಂಗ್ ಬದುಕು

ಕಳೆದ ವಾರ ಕುಡತಿನಿಯ ನಮ್ಮ ಬಂಧುಗಳ ವಾಟ್ಸಾಪ್ ಗ್ರೂಪಿಗೆ ಒಂದು ವಿಡಿಯೊ ಬಂತು. ಉತ್ತರ ಭಾರತದ ಯಾವುದೋ ಮದುವೆಯ ಮೆರವಣಿಗೆ. ಕುದುರೆ ಮೇಲೆ ಕುಳಿತ ವರ ಪಿಸ್ತೂಲು ಎತ್ತಿ ಆಕಾಶಕ್ಕೆ ಗುಂಡು ಹಾರಿಸುತ್ತಾನೆ, ಸುತ್ತಲಿನವರು ಕೇಕೆ ಹಾಕುತ್ತಾರೆ. ಕೆಳಗೆ ಯಾರೋ ವಿವರಣೆ ಬರೆದಿದ್ದರು. ಇದು ಚಿಕ್ಕ .32 ಗುಂಡಂತೆ, ಮೇಲೆ ಹೋಗಿ ಬೀಳುವಷ್ಟರಲ್ಲಿ ಅದರ ಶಕ್ತಿಯೆಲ್ಲ ಮುಗಿದಿರುತ್ತದಂತೆ, ಭಯಪಡಬೇಕಾದ್ದು ಪೊಲೀಸರ 9 ಎಂ.ಎಂ. ಹೈ ಪವರ್ ಗುಂಡಿಗೆ ಮಾತ್ರವಂತೆ.

ಬೇರೆ ದಿನವಾಗಿದ್ದರೆ ನೋಡಿ ಬಿಟ್ಟುಬಿಡುತ್ತಿದ್ದೆ. ಆದರೆ ಅದೇ ಗ್ರೂಪಿನಲ್ಲಿರುವ ಸಂಬಂಧಿಕರೊಬ್ಬರ ಮನೆಯಲ್ಲಿ ಮುಂದಿನ ತಿಂಗಳು ಮದುವೆ ಇದೆ. ಅವರ ಬಳಿ ಲೈಸೆನ್ಸ್ ಪಡೆದ .32 ಪಿಸ್ತೂಲೂ ಇದೆ. ವಿಡಿಯೊಗೆ ಮೊದಲು ಹೆಬ್ಬೆರಳು ಒತ್ತಿದವರು ಅವರೇ. ರಾತ್ರಿ ಸೋದರಮಾವ ಫೋನ್ ಮಾಡಿ, ಇದರಲ್ಲಿ ನಿಜವೆಷ್ಟು ಸುಳ್ಳೆಷ್ಟು ನೋಡಿ ಹೇಳಲು ತಿಳಿಸಿದರು.

ಹುಡುಕುತ್ತಾ ಹೋದಾಗ ಒಂದು ವಿಚಿತ್ರ ಕಂಡಿತು. ಆ ಚಿಕ್ಕ .32 ಕಾಡತೂಸನ್ನು ರೂಪಿಸಿದ ಮನುಷ್ಯನೇ ಹೈ ಪವರ್ ಎಂಬ ಹೆಸರಿನ ಪಿಸ್ತೂಲಿಗೂ ಮೂಲಪುರುಷ. ಅಮೆರಿಕದ ಜಾನ್ ಮೋಸೆಸ್ ಬ್ರೌನಿಂಗ್. ತೀರಿಕೊಂಡು ಸುಮಾರು ನೂರು ವರ್ಷವಾಗಿದೆ. ಅವರ ಬದುಕಿನ ಕಥೆ ಗೊತ್ತಾದರೆ ಈ ಫಾರ್ವರ್ಡ್‌ನ ಉತ್ತರವೂ ಗೊತ್ತಾಗುತ್ತದೆ.

ಮೊದಲು ಎರಡು ಪದ ಸರಿಪಡಿಸಿಕೊಳ್ಳೋಣ

ನಾವು ಮಾತಿನಲ್ಲಿ ಬುಲೆಟ್ ಎನ್ನುವ ವಸ್ತುವಿನ ನಿಜವಾದ ಹೆಸರು ಕಾಡತೂಸು. ಅದರಲ್ಲಿ ನಾಲ್ಕು ಭಾಗಗಳಿವೆ: ಹಿತ್ತಾಳೆಯ ಕೋಶ, ಅದರ ತಳದಲ್ಲಿ ಕಿಡಿ ಹೊತ್ತಿಸುವ ಪುಟ್ಟ ಟೋಪಿ, ಒಳಗೆ ಮದ್ದು, ತುದಿಯಲ್ಲಿ ಲೋಹದ ಗುಂಡು. ಹಾರಿ ಹೋಗುವುದು ತುದಿಯ ಗುಂಡು ಮಾತ್ರ. ಖಾಲಿ ಕೋಶ ಪಿಸ್ತೂಲಿನ ಪಕ್ಕಕ್ಕೆ ಸಿಡಿದು ಬೀಳುತ್ತದೆ.

ಇನ್ನೊಂದು ಪದ ಸೆಮಿ ಆಟೊಮ್ಯಾಟಿಕ್. ಒಮ್ಮೆ ಕುದುರೆ ಎಳೆದರೆ ಒಂದೇ ಗುಂಡು. ಆದರೆ ಆ ಗುಂಡು ಹಾರುವಾಗ ಹುಟ್ಟುವ ಹಿಮ್ಮುಖ ಒತ್ತಡವೇ ಖಾಲಿ ಕೋಶವನ್ನು ಹೊರಗೆಸೆದು ಮುಂದಿನ ಕಾಡತೂಸನ್ನು ತುಂಬಿಕೊಳ್ಳುತ್ತದೆ. ಈ ಕೆಲಸವನ್ನು ಪಿಸ್ತೂಲಿನಲ್ಲಿ ನಂಬಿಕೆಗೆ ಅರ್ಹವಾಗಿ ಮಾಡಿ ತೋರಿಸಿದವರಲ್ಲಿ ಬ್ರೌನಿಂಗ್ ಹೆಸರು ಮೊದಲ ಸಾಲಿನಲ್ಲಿದೆ.

ಅಪ್ಪನ ಅಂಗಡಿಯೇ ಶಾಲೆ

ಬ್ರೌನಿಂಗ್ ಹುಟ್ಟಿದ್ದು 1855ರ ಜನವರಿಯಲ್ಲಿ, ಅಮೆರಿಕದ ಯೂಟಾ ಪ್ರದೇಶದ ಆಗ್ಡನ್ ಎಂಬ ಊರಿನಲ್ಲಿ. ತಂದೆ ಜೊನಾಥನ್ ಬಂದೂಕು ಮಾಡುವ ಕಸುಬಿನವರು, ಮಾರ್ಮನ್ ಪಂಥಕ್ಕೆ ಸೇರಿದವರು. ಅವರಿಗೆ ಮೂವರು ಹೆಂಡತಿಯರು, 22 ಮಕ್ಕಳು. ಜಾನ್ ಆ ದೊಡ್ಡ ಕುಟುಂಬದ ಒಬ್ಬ ಹುಡುಗ.

ಊರಿನವರ ಬಂದೂಕು ಕೆಟ್ಟರೆ ಬರುತ್ತಿದ್ದುದು ಜೊನಾಥನ್ ಅಂಗಡಿಗೆ. ಹುಡುಗ ಅಲ್ಲೇ ಬಿದ್ದಿರುತ್ತಿದ್ದ ಹಳೆ ಕಬ್ಬಿಣದ ತುಂಡುಗಳ ನಡುವೆ ಬೆಳೆದ. ಹತ್ತರ ವಯಸ್ಸಿನ ಆಸುಪಾಸಿನಲ್ಲೇ ಗುಜರಿ ಸಾಮಾನಿನಿಂದ ಒಂದು ಒರಟು ಬಂದೂಕು ಜೋಡಿಸಿದ. ಶಾಲೆಯ ಓದು ಹದಿನೈದರ ಹೊತ್ತಿಗೆ ನಿಂತಿತು. ಎಂಜಿನಿಯರಿಂಗ್ ಓದಲಿಲ್ಲ.

1879 ಅವರ ಬದುಕಿನ ತಿರುವಿನ ವರ್ಷ. ಆ ವರ್ಷ ತಂದೆ ತೀರಿಕೊಂಡರು, ರೇಚಲ್ ಚೈಲ್ಡ್ ಜೊತೆ ಮದುವೆಯಾಯಿತು, ಒಂದೇ ಗುಂಡು ಹಾಕುವ ರೈಫಲ್ ಒಂದಕ್ಕೆ ಮೊದಲ ಪೇಟೆಂಟ್ ಸಿಕ್ಕಿತು. ಆಗ ಅವರಿಗೆ 24 ವರ್ಷ. ತಮ್ಮಂದಿರ ಜೊತೆ ಸೇರಿ ಆಗ್ಡನ್‌ನಲ್ಲೇ ಚಿಕ್ಕ ಕಾರ್ಖಾನೆ ತೆರೆದು ಆ ರೈಫಲ್ ಮಾಡಿ ಮಾರತೊಡಗಿದರು.

ಅಂಥದ್ದೊಂದು ರೈಫಲ್ ದೊಡ್ಡ ಕಂಪನಿ ವಿಂಚೆಸ್ಟರ್‌ನ ಕಣ್ಣಿಗೆ ಬಿತ್ತು. 1883ರಲ್ಲಿ ಕಂಪನಿಯ ಪ್ರಮುಖ ಟಿ.ಜಿ. ಬೆನೆಟ್ ರೈಲು ಹತ್ತಿ ಆಗ್ಡನ್‌ಗೆ ಬಂದರು. 8,000 ಡಾಲರಿಗೆ ಹಕ್ಕು ಮಾರಾಟವಾಯಿತು. ಅಲ್ಲಿಂದ ಸುಮಾರು ಎರಡು ದಶಕ ಬ್ರೌನಿಂಗ್ ವಿನ್ಯಾಸ ಮಾಡುವುದು, ವಿಂಚೆಸ್ಟರ್ ಕೊಳ್ಳುವುದು ನಡೆಯಿತು. ಅವುಗಳಲ್ಲಿ ಎಷ್ಟೋ ವಿನ್ಯಾಸಗಳನ್ನು ಕಂಪನಿ ತಯಾರಿಸಲೇ ಇಲ್ಲ, ಬೇರೆಯವರ ಕೈಗೆ ಸಿಗಬಾರದೆಂದು ಕೊಂಡು ಇಟ್ಟುಕೊಂಡಿತು. ನಡುವೆ 1887ರಿಂದ ಎರಡು ವರ್ಷ ಬ್ರೌನಿಂಗ್ ಕೆಲಸ ಬದಿಗಿಟ್ಟು, ತಮ್ಮ ಪಂಥದ ಪ್ರಚಾರಕ್ಕಾಗಿ ಜಾರ್ಜಿಯಾ ರಾಜ್ಯಕ್ಕೆ ಹೋಗಿದ್ದರು.

ಬಾಗಿದ ಹುಲ್ಲು ಹೇಳಿದ ಪಾಠ

1889ರಲ್ಲಿ ಆಗ್ಡನ್‌ನಲ್ಲಿ ಗುರಿ ಹೊಡೆಯುವ ಸ್ಪರ್ಧೆ ನಡೆದಿತ್ತು. ಪ್ರತಿ ಸಲ ರೈಫಲ್ ಸಿಡಿದಾಗ ನಳಿಗೆಯ ಮುಂದಿದ್ದ ಹುಲ್ಲು ಬಾಗಿ ಏಳುತ್ತಿತ್ತು. ಎಲ್ಲರ ಕಣ್ಣು ಗುರಿಹಲಗೆಯ ಮೇಲಿದ್ದರೆ ಬ್ರೌನಿಂಗ್ ಕಣ್ಣು ಹುಲ್ಲಿನ ಮೇಲಿತ್ತು. ಗುಂಡಿನ ಹಿಂದೆ ಹೊರಬರುವ ಬಿಸಿ ಅನಿಲ ಇಷ್ಟು ಹುಲ್ಲನ್ನು ಬಾಗಿಸುತ್ತದೆ ಎಂದರೆ ಅಷ್ಟು ಶಕ್ತಿ ಸುಮ್ಮನೆ ಗಾಳಿಗೆ ಹೋಗುತ್ತಿದೆ ಎಂದರ್ಥ. ಅದನ್ನೇ ಹಿಡಿದು ಬಂದೂಕು ತಾನಾಗಿ ತುಂಬಿಕೊಳ್ಳುವಂತೆ ಮಾಡಬಹುದಲ್ಲ ಎಂಬ ಯೋಚನೆ ಅಲ್ಲಿ ಹುಟ್ಟಿತು. ಮರಳಿ ಬಂದವರೇ ಪ್ರಯೋಗಕ್ಕೆ ಇಳಿದರು. ಇದರಿಂದ ಮುಂದೆ ಕೋಲ್ಟ್ ಕಂಪನಿಯ 1895ರ ಮಷಿನ್ ಗನ್ ಬಂತು.

ಪಿಸ್ತೂಲಿನಲ್ಲಿ ಜಾಗ ಕಡಿಮೆ. ಅಲ್ಲಿ ಅವರು ಇನ್ನೂ ಸರಳ ದಾರಿ ಹಿಡಿದರು. ಗುಂಡು ಮುಂದಕ್ಕೆ ಹೋದರೆ ಕೋಶ ಹಿಂದಕ್ಕೆ ತಳ್ಳುತ್ತದೆ. ನ್ಯೂಟನ್ನನ ಮೂರನೇ ನಿಯಮ, ಹೈಸ್ಕೂಲಿನಲ್ಲಿ ನಾವೆಲ್ಲ ಓದಿದ್ದೇ. ನಳಿಗೆಯ ಮೇಲೆ ಹಿಂದೆ ಮುಂದೆ ಜಾರುವ ಒಂದು ಭಾರದ ಕವಚ ಇಟ್ಟು, ಅದನ್ನು ಸ್ಪ್ರಿಂಗ್‌ನಿಂದ ಹಿಡಿದಿಟ್ಟರು. ಸಿನಿಮಾದಲ್ಲಿ ನಾಯಕ ಕಟಕ್ ಎಂದು ಹಿಂದಕ್ಕೆ ಎಳೆದು ಬಿಡುತ್ತಾನಲ್ಲ, ಅದೇ ಸ್ಲೈಡ್. ಇಂದು ಜಗತ್ತಿನ ಬಹುತೇಕ ಎಲ್ಲ ಪಿಸ್ತೂಲುಗಳ ಮೇಲೂ ಅದು ಇದೆ.

.32 ಹುಟ್ಟಿದ ಕಥೆ

1897ರಲ್ಲಿ ಬೆಲ್ಜಿಯಂನ ಎಫ್‌ಎನ್ ಕಂಪನಿಯ ಪ್ರತಿನಿಧಿ ಹಾರ್ಟ್ ಬರ್ಗ್ ಅವರ ಮೂಲಕ ಬ್ರೌನಿಂಗ್‌ಗೆ ಯುರೋಪಿನ ನಂಟು ಬೆಳೆಯಿತು. ಅಲ್ಲಿ ತಯಾರಾದ ಮೊದಲ ಪಿಸ್ತೂಲಿಗಾಗಿ ಅವರು 1899ರ ಹೊತ್ತಿಗೆ ಒಂದು ಕಾಡತೂಸು ರೂಪಿಸಿದರು. ಯುರೋಪಿನಲ್ಲಿ ಅದರ ಹೆಸರು 7.65 ಎಂ.ಎಂ. ಬ್ರೌನಿಂಗ್. ಅಮೆರಿಕದಲ್ಲಿ .32 ಎ.ಸಿ.ಪಿ. ನಮ್ಮ ದೇಶದಲ್ಲಿ ಲೈಸೆನ್ಸ್ ಪಡೆದ ಜನ ಇಟ್ಟುಕೊಳ್ಳುವ .32 ಪಿಸ್ತೂಲಿಗೆ ಹಾಕುವುದು ಇದನ್ನೇ. ಸರ್ಕಾರಿ ಕಾರ್ಖಾನೆಯ ಅಶನಿ ಪಿಸ್ತೂಲು ಕೂಡ ಇದೇ ಅಳತೆಯದು. 9 ಎಂ.ಎಂ. ಹಾಗೂ .45 ನಮ್ಮಲ್ಲಿ ನಿಷೇಧಿತ ಅಳತೆಗಳು, ಸಾಮಾನ್ಯ ನಾಗರಿಕರಿಗೆ ಸಿಗುವುದಿಲ್ಲ.

ನಿಷೇಧ ಇಲ್ಲ ಎಂದರೆ ಅಪಾಯ ಇಲ್ಲ ಎಂದು ಜನ ಅಂದುಕೊಳ್ಳುವುದು ಇಲ್ಲಿಂದಲೇ. ಹಾಗಾದರೆ ಶಕ್ತಿಯ ಲೆಕ್ಕ ನೋಡೋಣ.

ಹಾರುವ ಗುಂಡಿನ ಶಕ್ತಿ ಅದರ ತೂಕ ಮತ್ತು ವೇಗ ಎರಡರ ಮೇಲೂ ನಿಂತಿದೆ. ತೂಕ ಎರಡು ಪಟ್ಟಾದರೆ ಶಕ್ತಿ ಎರಡು ಪಟ್ಟು. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಈ ಶಕ್ತಿಯನ್ನು ಅಳೆಯುವ ಮಾನ ಜೂಲ್. ಸಾಮಾನ್ಯ ಕಾಡತೂಸುಗಳ ಅಂದಾಜು ಹೀಗಿದೆ:

.32 ಅಥವಾ 7.65 ಎಂ.ಎಂ.: ಗುಂಡು 4.6 ಗ್ರಾಂ, ಸೆಕೆಂಡಿಗೆ 290 ಮೀಟರ್, ಸುಮಾರು 190 ಜೂಲ್.

.380 ಅಥವಾ 9 ಎಂ.ಎಂ. ಶಾರ್ಟ್: 6.2 ಗ್ರಾಂ, 290 ಮೀಟರ್, ಸುಮಾರು 260 ಜೂಲ್.

9 ಎಂ.ಎಂ. ಪ್ಯಾರಾಬೆಲಮ್: 8 ಗ್ರಾಂ, 355 ಮೀಟರ್, ಸುಮಾರು 500 ಜೂಲ್.

.45: 14.9 ಗ್ರಾಂ, 255 ಮೀಟರ್, ಸುಮಾರು 485 ಜೂಲ್.

ಹೋಲಿಕೆಗೆ, ಸೇನೆಯ 7.62 ಎಂ.ಎಂ. ರೈಫಲ್ ಗುಂಡು: ಸುಮಾರು 3,300 ಜೂಲ್.

ಎರಡು ವಿಷಯ ಗಮನಿಸಿ. ಒಂದು, 9 ಎಂ.ಎಂ. ಹೆಸರಿನವು ಎರಡಿವೆ. ಗುಂಡಿನ ಅಗಲ ಒಂದೇ, ಶಕ್ತಿ ಹೆಚ್ಚುಕಡಿಮೆ ಅರ್ಧ ಮತ್ತು ಪೂರ್ತಿ. ಅಂದರೆ ಸಂಖ್ಯೆ ಹೇಳುವುದು ಅಗಲವನ್ನು, ಬಲವನ್ನಲ್ಲ. ಎರಡು, ರೈಫಲ್ ಎದುರು ಈ ಎಲ್ಲ ಪಿಸ್ತೂಲು ಗುಂಡುಗಳೂ ಚಿಕ್ಕವೇ. ಹಾಗಿದ್ದರೂ ಇವು ಮಾಡಿದ ಅನಾಹುತ ಚಿಕ್ಕದಲ್ಲ.

ಚರಿತ್ರೆ ಬದಲಿಸಿದ ಚಿಕ್ಕ ಗುಂಡುಗಳು

1914ರ ಜೂನ್ 28ರಂದು ಸರಾಯೆವೊ ನಗರದಲ್ಲಿ ಗಾವ್ರಿಲೊ ಪ್ರಿನ್ಸಿಪ್ ಎಂಬ ಯುವಕ ಆಸ್ಟ್ರಿಯಾದ ಯುವರಾಜ ಫ್ರಾನ್ಜ್ ಫರ್ಡಿನಾಂಡ್ ಮತ್ತು ಅವರ ಪತ್ನಿ ಸೋಫಿಯನ್ನು ಕೊಂದ. ಮೊದಲ ಮಹಾಯುದ್ಧಕ್ಕೆ ಕಿಡಿ ಬಿದ್ದದ್ದು ಅಲ್ಲಿ. ಕೈಯಲ್ಲಿದ್ದದ್ದು ಬ್ರೌನಿಂಗ್ ವಿನ್ಯಾಸದ 1910ರ ಮಾದರಿ, ಕಾಡತೂಸು .380. ಅದನ್ನು ರೂಪಿಸಿದ್ದೂ ಬ್ರೌನಿಂಗ್, 1908ರಲ್ಲಿ.

1948ರ ಜನವರಿ 30ರಂದು ದೆಹಲಿಯಲ್ಲಿ ಗಾಂಧೀಜಿಯವರ ಮೇಲೆ ಹಾರಿದ ಮೂರು ಗುಂಡುಗಳು ಇಟಲಿಯ ಬೆರೆಟ್ಟಾ 1934 ಮಾದರಿಯ ಪಿಸ್ತೂಲಿನವು. ಪಿಸ್ತೂಲು ಬ್ರೌನಿಂಗ್ ಅವರದಲ್ಲ. ಆದರೆ ಅದಕ್ಕೆ ಹಾಕುತ್ತಿದ್ದುದು ಅವರದೇ 9 ಎಂ.ಎಂ. ಶಾರ್ಟ್. ಪಟ್ಟಿಯಲ್ಲಿ ಕೆಳಗಿನಿಂದಲ್ಲ, ಮೇಲಿನಿಂದ ಎರಡನೆಯದು, ಅಂದರೆ ಕಡಿಮೆ ಶಕ್ತಿಯದು.

ನಮ್ಮ ರಾಜ್ಯಕ್ಕೇ ಬನ್ನಿ. ನಮ್ಮ ಪಕ್ಕದ ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಸಂಶೋಧಕ ಎಂ.ಎಂ. ಕಲಬುರ್ಗಿ ಅವರ ಹತ್ಯೆ ನಡೆದದ್ದು 2015ರ ಆಗಸ್ಟ್ 30ರಂದು ಧಾರವಾಡದಲ್ಲಿ. ಪತ್ರಕರ್ತೆ ಗೌರಿ ಲಂಕೇಶ್ ಅವರ ಹತ್ಯೆ 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ. ಎರಡೂ ಕಡೆ ಸಿಕ್ಕ ಗುಂಡು ಮತ್ತು ಖಾಲಿ ಕೋಶಗಳನ್ನು ಹೋಲಿಸಿದ ವಿಧಿವಿಜ್ಞಾನ ತಜ್ಞರು, ಒಂದೇ 7.65 ಎಂ.ಎಂ. ನಾಡಪಿಸ್ತೂಲು ಬಳಕೆಯಾಗಿದೆ ಎಂದು ವರದಿ ಕೊಟ್ಟರು. ಯಾರು ಹೊಣೆ ಎಂದು ಹೇಳಬೇಕಾದ್ದು ನ್ಯಾಯಾಲಯ. ನಮ್ಮ ಪ್ರಶ್ನೆಗೆ ಸಂಬಂಧಿಸಿದ್ದು ಅಳತೆ ಮಾತ್ರ. 7.65 ಎಂದರೆ .32, ಫಾರ್ವರ್ಡ್ ಪ್ರಕಾರ ಅಪಾಯವಿಲ್ಲದ ಚಿಕ್ಕ ಗುಂಡು.

ತಜ್ಞರು ಇದನ್ನು ಗುರುತಿಸುವ ಬಗೆಯೂ ತಿಳಿದಿರಲಿ. ನಳಿಗೆಯ ಒಳಗಿನ ಗೆರೆಗಳು ಗುಂಡಿನ ಮೈಮೇಲೆ, ಹೊಡೆಯುವ ಸೂಜಿಯ ಗುರುತು ಕೋಶದ ತಳದಲ್ಲಿ ಉಳಿಯುತ್ತವೆ. ಸೂಕ್ಷ್ಮದರ್ಶಕದ ಕೆಳಗೆ ಎರಡನ್ನೂ ಅಕ್ಕಪಕ್ಕ ಇಟ್ಟು ಹೋಲಿಸುತ್ತಾರೆ.

ದೊಡ್ಡ ಗುಂಡಿನ ಆಸೆ ಹುಟ್ಟಿದ್ದು ಹೇಗೆ

ಮತ್ತೆ ಬ್ರೌನಿಂಗ್ ಕಥೆಗೆ. 1902ರಲ್ಲಿ ವಿಂಚೆಸ್ಟರ್ ಜೊತೆ ಸಂಬಂಧ ಮುರಿಯಿತು. ತಾನಾಗಿ ತುಂಬಿಕೊಳ್ಳುವ ಶಾಟ್‌ಗನ್ ಒಂದಕ್ಕೆ ಅವರು ಮಾರಾಟದ ಪ್ರತಿ ಬಂದೂಕಿನ ಮೇಲೆ ಪಾಲು ಕೇಳಿದರು, ಬೆನೆಟ್ ಒಪ್ಪಲಿಲ್ಲ. ಬ್ರೌನಿಂಗ್ ರೆಮಿಂಗ್ಟನ್ ಕಂಪನಿಯ ಬಾಗಿಲಿಗೆ ಹೋದರು. ಭೇಟಿಗೆ ಕಾಯುತ್ತಾ ಕುಳಿತಿರುವಾಗಲೇ ಅದರ ಮುಖ್ಯಸ್ಥ ಮಾರ್ಸೆಲಸ್ ಹಾರ್ಟ್ಲಿ ಹೃದಯಾಘಾತದಿಂದ ತೀರಿಕೊಂಡ ಸುದ್ದಿ ಬಂತು. ಬ್ರೌನಿಂಗ್ ಬಂದೂಕನ್ನು ತೆಗೆದುಕೊಂಡು ಹಡಗು ಹತ್ತಿ ಬೆಲ್ಜಿಯಂಗೆ ಹೋದರು. ಎಫ್‌ಎನ್ ಒಪ್ಪಿಕೊಂಡಿತು.

ಅದೇ ಕಾಲದಲ್ಲಿ ಅಮೆರಿಕದ ಸೇನೆ ಫಿಲಿಪೀನ್ಸ್ ದ್ವೀಪಗಳಲ್ಲಿ ಯುದ್ಧದಲ್ಲಿತ್ತು. ತಮ್ಮ .38 ರಿವಾಲ್ವರ್ ಗುಂಡು ತಗುಲಿದರೂ ಎದುರಾಳಿಗಳು ನಿಲ್ಲದೆ ನುಗ್ಗಿ ಬರುತ್ತಾರೆ ಎಂದು ಸೈನಿಕರು ದೂರಿದರು. 1904ರಲ್ಲಿ ಥಾಂಪ್ಸನ್ ಮತ್ತು ಲಾಗಾರ್ಡ್ ಎಂಬ ಇಬ್ಬರು ಅಧಿಕಾರಿಗಳು ಷಿಕಾಗೊದ ಕಸಾಯಿಖಾನೆಯ ದನಗಳ ಮೇಲೆ, ಹಾಗೂ ಶವಗಳ ಮೇಲೆ ಗುಂಡು ಹಾರಿಸಿ ಪರೀಕ್ಷೆ ಮಾಡಿದರು. ಇಂದಿನ ಕಣ್ಣಿಗೆ ಅದು ಕ್ರೂರ, ವಿಜ್ಞಾನವಾಗಿಯೂ ದುರ್ಬಲ. ಪರೀಕ್ಷಿಸಿದ ಸಂಖ್ಯೆ ಚಿಕ್ಕದು, ಹಲವು ಪ್ರಾಣಿಗಳು ಹಲವಾರು ಗುಂಡು ತಗುಲಿದರೂ ತಕ್ಷಣ ಬೀಳಲಿಲ್ಲ. ಆದರೂ .45ಕ್ಕಿಂತ ಕಡಿಮೆ ಇರಬಾರದು ಎಂಬ ಶಿಫಾರಸು ಹೊರಬಿತ್ತು.

ಬ್ರೌನಿಂಗ್ 1905ರ ಹೊತ್ತಿಗೆ .45 ಕಾಡತೂಸನ್ನು ಸಿದ್ಧಪಡಿಸಿದರು. ಆದರೆ ಇದಕ್ಕೆ ಹಳೆಯ ಸರಳ ಸ್ಲೈಡ್ ಸಾಲದು. ಸಣ್ಣ ಕಾಡತೂಸಿನ ಒತ್ತಡವನ್ನು ಸ್ಲೈಡಿನ ಭಾರ ಮತ್ತು ಸ್ಪ್ರಿಂಗ್ ತಡೆಯುತ್ತವೆ. ಬಲವಾದ ಕಾಡತೂಸಿನಲ್ಲಿ ಗುಂಡು ನಳಿಗೆಯಿಂದ ಹೊರಹೋಗುವ ಮೊದಲೇ ಸ್ಲೈಡ್ ತೆರೆದುಕೊಂಡರೆ ಕೋಶ ಒಡೆದು ಹಾರಿಸಿದವನ ಮುಖಕ್ಕೇ ಬರಬಹುದು. ಅದಕ್ಕೆ ಅವರು ನಳಿಗೆ ಮತ್ತು ಸ್ಲೈಡನ್ನು ಒಂದಕ್ಕೊಂದು ಬಿಗಿದರು. ಸಿಡಿದ ಮೇಲೆ ಎರಡೂ ಜೊತೆಯಾಗಿ ಸ್ವಲ್ಪ ಹಿಂದೆ ಸರಿಯುತ್ತವೆ, ಆ ಕ್ಷಣದಲ್ಲಿ ಗುಂಡು ಹೊರಹೋಗಿ ಒತ್ತಡ ಇಳಿದಿರುತ್ತದೆ, ನಂತರ ನಳಿಗೆ ಕೆಳಕ್ಕೆ ಬಾಗಿ ಸ್ಲೈಡನ್ನು ಬಿಟ್ಟುಕೊಡುತ್ತದೆ. ಇಂದಿನ ಬಹುತೇಕ 9 ಎಂ.ಎಂ. ಪಿಸ್ತೂಲುಗಳು ಈ ತತ್ವದಲ್ಲೇ ನಡೆಯುತ್ತವೆ.

1911ರ ಮಾರ್ಚ್‌ನಲ್ಲಿ ಸೇನೆಯ ಅಂತಿಮ ಪರೀಕ್ಷೆ. ಒಂದೇ ಪಿಸ್ತೂಲಿನಿಂದ 6,000 ಗುಂಡು. ತುಂಬ ಕಾದಾಗ ನೀರಿನಲ್ಲಿ ಅದ್ದಿ ಮತ್ತೆ ಹಾರಿಸಿದರು. ಎದುರಾಳಿ ಸ್ಯಾವೇಜ್ ಕಂಪನಿಯ ಪಿಸ್ತೂಲು 37 ಬಾರಿ ತಪ್ಪಿತು. ಬ್ರೌನಿಂಗ್ ಅವರದು ಒಮ್ಮೆಯೂ ತಪ್ಪಲಿಲ್ಲ. ಆ ಎಂ 1911 ಪಿಸ್ತೂಲು ಮುಂದೆ ಏಳು ದಶಕಕ್ಕೂ ಹೆಚ್ಚು ಕಾಲ ಅಮೆರಿಕದ ಸೇನೆಯಲ್ಲಿ ಉಳಿಯಿತು. ಮೊದಲ ಮಹಾಯುದ್ಧ ಬಂದಾಗ ಅವರ ಮಷಿನ್ ಗನ್ನುಗಳೂ ಸೇನೆಗೆ ಹೋದವು. ಪ್ರತಿ ಬಂದೂಕಿಗೆ ಪಾಲು ಕೇಳಿದ್ದರೆ ಬರುತ್ತಿದ್ದ ಹಣಕ್ಕಿಂತ ಬಹಳ ಕಡಿಮೆಯಾದ 7,50,000 ಡಾಲರಿಗೆ ಅವರು ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡರು.

ಗುಂಡು ತಗುಲಿದವರು ಹಾರಿ ಬೀಳುತ್ತಾರೆಯೇ?

.45 ತಗುಲಿದರೆ ಮನುಷ್ಯ ಹಿಂದಕ್ಕೆ ಹಾರಿಬೀಳುತ್ತಾನೆ ಎಂಬ ನಂಬಿಕೆ ಆ ಕಾಲದಿಂದಲೇ ಬಂದಿದೆ. ನಮ್ಮ ಸಿನಿಮಾಗಳು ಅದನ್ನು ಹಗ್ಗ ಕಟ್ಟಿ ಎಳೆದು ಇನ್ನಷ್ಟು ಬೆಳೆಸಿವೆ.

ಲೆಕ್ಕ ಬೇರೆಯೇ ಹೇಳುತ್ತದೆ. ತಳ್ಳುವ ಬಲವನ್ನು ತೂಕ ಗುಣಿಸು ವೇಗ ಎಂದು ಅಳೆಯುತ್ತಾರೆ. ಗಂಟೆಗೆ 140 ಕಿ.ಮೀ. ವೇಗದ ಕ್ರಿಕೆಟ್ ಚೆಂಡಿನದ್ದು ಸುಮಾರು 6.2. ಪೊಲೀಸರ 9 ಎಂ.ಎಂ. ಗುಂಡಿನದ್ದು 2.8. ಚೆಂಡು ಎರಡು ಪಟ್ಟಿಗಿಂತ ಹೆಚ್ಚು ತಳ್ಳುತ್ತದೆ, ಆದರೂ ಚೆಂಡು ಎದೆಗೆ ಬಡಿದ ಬ್ಯಾಟ್ಸ್‌ಮನ್ ಹಾರಿ ಹೋಗುವುದಿಲ್ಲ. 60 ಕೆ.ಜಿ. ತೂಕದ ವ್ಯಕ್ತಿಯನ್ನು 9 ಎಂ.ಎಂ. ಗುಂಡು ಸೆಕೆಂಡಿಗೆ ಹೆಚ್ಚೆಂದರೆ 5 ಸೆಂ.ಮೀ. ವೇಗದಲ್ಲಿ ಸರಿಸಬಲ್ಲದು. ಅಷ್ಟೇ ತಳ್ಳು ಹಾರಿಸಿದವನ ಕೈಗೂ ಬರುತ್ತದೆ. ಅವನು ಬೀಳದಿದ್ದರೆ ಎದುರಿನವನನ್ನೂ ಅದು ಎತ್ತಿ ಎಸೆಯಲಾರದು.

ಹಾಗಾದರೆ ಗುಂಡು ಕೊಲ್ಲುವುದು ಹೇಗೆ? ಚೆಂಡಿನ ಬಲ ಅಂಗೈ ಅಗಲಕ್ಕೆ ಹಂಚಿಹೋಗುತ್ತದೆ, ಗುಂಡಿನದ್ದು ಬೆರಳ ತುದಿಗಿಂತ ಚಿಕ್ಕ ಜಾಗದಲ್ಲಿ ನಿಲ್ಲುತ್ತದೆ. ಅದು ತಳ್ಳುವುದಿಲ್ಲ, ತೂರುತ್ತದೆ. ಎಲ್ಲಿಗೆ ತಗುಲಿತು, ಎಷ್ಟು ಆಳಕ್ಕೆ ಹೋಯಿತು ಎಂಬುದೇ ಸಾವು ಬದುಕನ್ನು ತೀರ್ಮಾನಿಸುತ್ತದೆ. ಅಮೆರಿಕದ ಎಫ್‌ಬಿಐ 1989ರ ತನ್ನ ಅಧ್ಯಯನದಲ್ಲಿ ಇದೇ ತೀರ್ಮಾನಕ್ಕೆ ಬಂತು. ನಂತರ ದೊಡ್ಡ ಕಾಡತೂಸುಗಳನ್ನು ಬಳಸಿ ನೋಡಿ, 2010ರ ದಶಕದಲ್ಲಿ ಮತ್ತೆ 9 ಎಂ.ಎಂ.ಗೇ ಮರಳಿತು. ದೇಹದ ಸೂಕ್ಷ್ಮ ಜಾಗಕ್ಕೆ ತಲುಪಲು .32 ಗುಂಡಿಗೂ ಬೇಕಾದಷ್ಟು ಬಲವಿದೆ.

ಹೈ ಪವರ್ ಎಂದರೆ ಏನು?

ಯುದ್ಧ ಮುಗಿದ ಮೇಲೆ ಫ್ರಾನ್ಸ್ ಸೇನೆ ಹೆಚ್ಚು ಗುಂಡು ಹಿಡಿಯುವ ಹೊಸ ಪಿಸ್ತೂಲು ಹುಡುಕುತ್ತಿತ್ತು. ಬ್ರೌನಿಂಗ್ ಅದಕ್ಕಾಗಿ ಎಫ್‌ಎನ್ ಜೊತೆ ಕೆಲಸ ಆರಂಭಿಸಿ 1923ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು. ಆದರೆ ಅದರ ಪೂರ್ಣ ರೂಪ ಅವರು ನೋಡಲಿಲ್ಲ. 1926ರ ನವೆಂಬರ್ 26ರಂದು ಬೆಲ್ಜಿಯಂನ ಲಿಯೆಜ್ ಬಳಿಯ ಎಫ್‌ಎನ್ ಕಾರ್ಖಾನೆಯಲ್ಲಿ, ಮಗ ವ್ಯಾಲ್ ಅವರ ಕಚೇರಿಯಲ್ಲೇ, ಹೃದಯ ನಿಂತು ತೀರಿಕೊಂಡರು. ವಯಸ್ಸು 71. ಹೆಸರಿನಲ್ಲಿ 128 ಪೇಟೆಂಟ್‌ಗಳು. ಪಾರ್ಥಿವ ಶರೀರವನ್ನು ಆಗ್ಡನ್‌ಗೆ ತಂದು ಮಣ್ಣು ಮಾಡಿದರು.

ಉಳಿದ ಕೆಲಸ ಮುಗಿಸಿದವರು ಎಫ್‌ಎನ್‌ನ ದ್ಯುಡೊನ್ನೆ ಸೈವ್. ಮ್ಯಾಗಜಿನ್‌ನಲ್ಲಿ ಕಾಡತೂಸುಗಳನ್ನು ಎರಡು ಸಾಲಾಗಿ ಜೋಡಿಸಿ 13 ಹಿಡಿಯುವಂತೆ ಮಾಡಿದ್ದು ಅವರ ಕಾಣಿಕೆ. 1935ರಲ್ಲಿ ಪಿಸ್ತೂಲು ಹೊರಬಂತು. ಅದರ ಫ್ರೆಂಚ್ ಹೆಸರಿನ ಅರ್ಥ ದೊಡ್ಡ ಶಕ್ತಿ, ಇಂಗ್ಲಿಷಿನಲ್ಲಿ ಹೈ ಪವರ್. ಆ ಕಾಲದ ಪಿಸ್ತೂಲುಗಳು ಏಳೆಂಟು ಗುಂಡು ಹಿಡಿಯುತ್ತಿದ್ದವು, ಇದು 13. ಹೆಸರು ಸೂಚಿಸಿದ್ದು ಇದನ್ನು. ಅದರ ಗುಂಡು ಮಾತ್ರ ಹೊಸದೇನೂ ಅಲ್ಲ, ಗಿಯೋರ್ಗ್ ಲೂಗರ್ 1902ರ ಹೊತ್ತಿಗೇ ತಂದಿದ್ದ 9 ಎಂ.ಎಂ. ಪ್ಯಾರಾಬೆಲಮ್.

ಎರಡನೇ ಮಹಾಯುದ್ಧದಲ್ಲಿ ಕೆನಡಾದ ಇಂಗ್ಲಿಸ್ ಕಂಪನಿ ಇದನ್ನು ತಯಾರಿಸಿತು. ಆ ಮಾದರಿಯ ಮೇಲೆ ಪಶ್ಚಿಮ ಬಂಗಾಳದ ಈಶಾಪುರ ರೈಫಲ್ ಕಾರ್ಖಾನೆಯಲ್ಲಿ ತಯಾರಾದದ್ದೇ ನಮ್ಮ ಸೇನೆ ಮತ್ತು ಪೊಲೀಸರು ಬಳಸುತ್ತಾ ಬಂದ 9 ಎಂ.ಎಂ. 1ಎ ಪಿಸ್ತೂಲು. ಫಾರ್ವರ್ಡ್‌ನ ಹೈ ಪವರ್ ಗುಂಡು ಎಂಬ ಮಾತು ಹುಟ್ಟಿದ್ದು ಬಹುಶಃ ಈ ಹೆಸರಿನಿಂದಲೇ.

ಹೆಸರೊಂದು, ವಸ್ತುವೊಂದು ಎಂಬುದು ಕುಡತಿನಿಯವರಿಗೆ ಹೊಸದಲ್ಲ. ನಮ್ಮೂರ ಬೂದಿಗುಡ್ಡವನ್ನು ರಾಕ್ಷಸನನ್ನು ಸುಟ್ಟ ಬೂದಿ ಎಂದೇ ಹಿರಿಯರು ಹೇಳುತ್ತಿದ್ದರು. ಪುರಾತತ್ವ ತಜ್ಞರು ಅಗೆದು ಪರೀಕ್ಷಿಸಿದಾಗ ಇಂಥ ಗುಡ್ಡಗಳು ನವಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿಯ ರಾಶಿ ಎಂದು ತಿಳಿಯಿತು.

ನಿಜವಾದ ಹೆಚ್ಚು ಶಕ್ತಿಯ ಕಾಡತೂಸು

ಹಾಗೆಂದು ಹೆಚ್ಚು ಶಕ್ತಿಯ ಕಾಡತೂಸು ಇಲ್ಲವೇ ಇಲ್ಲ ಎಂದಲ್ಲ. ಅದಕ್ಕೂ ಬ್ರೌನಿಂಗ್ ವಿನ್ಯಾಸವೇ ಒಳ್ಳೆಯ ಉದಾಹರಣೆ. 1900ರಲ್ಲಿ ಕೋಲ್ಟ್ ಕಂಪನಿಗಾಗಿ ಅವರು .38 ಎ.ಸಿ.ಪಿ. ರೂಪಿಸಿದ್ದರು. ಅವರು ತೀರಿಕೊಂಡ ಕೆಲವೇ ವರ್ಷಗಳಲ್ಲಿ, 1929ರ ಹೊತ್ತಿಗೆ, ಅದೇ ಕೋಶಕ್ಕೆ ಒತ್ತಡ ಹೆಚ್ಚಿಸಿ .38 ಸೂಪರ್ ಎಂದು ಮಾರಾಟಕ್ಕೆ ತಂದರು. ಹೊರಗಿನ ಅಳತೆ ಒಂದೇ. ಹಾಗಾಗಿ ಹೊಸ ಕಾಡತೂಸು ಹಳೆಯ ಪಿಸ್ತೂಲಿನಲ್ಲೂ ಸಲೀಸಾಗಿ ಕೂರುತ್ತದೆ. ಆದರೆ ಹಳೆಯ ಪಿಸ್ತೂಲು ಆ ಒತ್ತಡಕ್ಕೆ ಮಾಡಿದ್ದಲ್ಲ, ಹಾರಿಸುವವನಿಗೇ ಅಪಾಯ.

ಒತ್ತಡ ಎಷ್ಟಿರುತ್ತದೆ? 9 ಎಂ.ಎಂ. ಪ್ಯಾರಾಬೆಲಮ್‌ಗೆ ಅಂತರರಾಷ್ಟ್ರೀಯ ಮಿತಿ 2,350 ಬಾರ್, ಅಂದರೆ ಕಾರಿನ ಟೈರಿನ ಗಾಳಿಗಿಂತ ಸಾವಿರ ಪಟ್ಟು. .32ಕ್ಕೆ 1,600 ಬಾರ್. ತಮಾಷೆ ನೋಡಿ, ದೊಡ್ಡ ಗುಂಡಿನ .45ರ ಮಿತಿ ಬರೀ 1,310 ಬಾರ್. ಕೂರುತ್ತದೆ ಎಂದಾಕ್ಷಣ ಹೊಂದುತ್ತದೆ ಎಂದಲ್ಲ. ಲೆಕ್ಕವಿಲ್ಲದ ಉಕ್ಕಿನಲ್ಲಿ ಮಾಡಿದ ನಾಡಪಿಸ್ತೂಲುಗಳು ಕೈಯಲ್ಲೇ ಸಿಡಿಯುವುದಕ್ಕೂ ಇದೇ ಒತ್ತಡ ಕಾರಣ.

ಆಕಾಶಕ್ಕೆ ಹಾರಿದ ಗುಂಡು ಎಲ್ಲಿ ಹೋಗುತ್ತದೆ?

ಈಗ ಮದುವೆಯ ವಿಡಿಯೊ. ಮೇಲೆ ಹೋದ ಗುಂಡು ಶಕ್ತಿ ಕಳೆದುಕೊಳ್ಳುತ್ತದೆ ಎಂಬುದು ಅರ್ಧ ಸತ್ಯ. ನೇರ ಮೇಲಕ್ಕೆ ಹಾರಿಸಿದರೆ ಒಂದು ಎತ್ತರದಲ್ಲಿ ನಿಂತು ಕೆಳಗೆ ಬೀಳುತ್ತದೆ. ಗಾಳಿಯ ತಡೆಯಿಂದಾಗಿ ಬೀಳುವ ವೇಗ ಹೊರಟ ವೇಗದಷ್ಟಿರುವುದಿಲ್ಲ. ಪಿಸ್ತೂಲು ಗುಂಡುಗಳಿಗೆ ಅದು ಸೆಕೆಂಡಿಗೆ ಸುಮಾರು 45ರಿಂದ 90 ಮೀಟರ್.

ಆದರೆ ಚರ್ಮ ತೂರಲು ಅಂದಾಜು 45ರಿಂದ 60 ಮೀಟರ್ ವೇಗ ಸಾಕು. 60 ಮೀಟರ್ ಎಂದರೆ ಗಂಟೆಗೆ 216 ಕಿ.ಮೀ. ಮೇಲಿಂದ ಬೀಳುವ ವಸ್ತು ಮೊದಲು ತಗುಲುವುದು ತಲೆ, ಭುಜಗಳಿಗೆ. ತಾಯಿಯ ಸೊಂಟದ ಮೇಲಿರುವ ಮಗುವಿನ ತಲೆಬುರುಡೆ ಎಷ್ಟು ಮೆತ್ತಗಿರುತ್ತದೆ ಎಂದು ನಿಮಗೇ ಗೊತ್ತು.

ಇನ್ನೊಂದು ಮಾತು ಫಾರ್ವರ್ಡ್‌ನಲ್ಲಿಲ್ಲ. ಮೆರವಣಿಗೆಯಲ್ಲಿ ಕುಣಿಯುವವನ ಕೈ ನೇರ ಮೇಲಕ್ಕೆ ಇರುವುದಿಲ್ಲ, ಓರೆಯಾಗಿರುತ್ತದೆ. ಓರೆಯಾಗಿ ಹೋದ ಗುಂಡು ನಿಂತು ಬೀಳುವುದಿಲ್ಲ, ಬಿಲ್ಲಿನಂತೆ ಬಾಗಿ, ಇನ್ನೂ ಹೆಚ್ಚು ವೇಗ ಉಳಿಸಿಕೊಂಡು ಕಿಲೋಮೀಟರಿನಷ್ಟು ದೂರ ಹೋಗಬಲ್ಲದು. ಅಷ್ಟು ದೂರದಲ್ಲಿ ಮಾಳಿಗೆ ಮೇಲೆ ಮಲಗಿದವರಿಗೆ ಮದುವೆ ನಡೆಯುತ್ತಿರುವುದೇ ಗೊತ್ತಿರುವುದಿಲ್ಲ. ಕೈಜಾರಿ ಕೆಳಗೆ ತಿರುಗಿದರಂತೂ .32ರ ಪೂರ್ತಿ 190 ಜೂಲ್ ಪಕ್ಕದಲ್ಲಿ ಕುಣಿಯುತ್ತಿರುವವರ ಪಾಲು.

ಕಾನೂನೂ ಸ್ಪಷ್ಟವಾಗಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಬಂತು. ಮದುವೆ, ಜಾತ್ರೆ, ಸಭೆಗಳಲ್ಲಿ ಸಂಭ್ರಮಕ್ಕೆಂದು ಜನರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಲೈಸೆನ್ಸ್ ಇದ್ದರೂ ಇದು ಅನ್ವಯಿಸುತ್ತದೆ. ಗುಂಡು ಚಿಕ್ಕದು ಎಂಬ ರಿಯಾಯಿತಿ ಕಾಯ್ದೆಯಲ್ಲಿಲ್ಲ.

ಸಾರಾಂಶ

ವಾದ: 9 ಎಂ.ಎಂ. ಎಂದರೆ ಹೈ ಪವರ್ ಗುಂಡು. ತಪ್ಪು. 9 ಎಂಬುದು ಅಗಲ. ಹೈ ಪವರ್ ಎಂಬುದು ಒಂದು ಪಿಸ್ತೂಲಿನ ಹೆಸರು.

ವಾದ: ಗುಂಡು ತಗುಲಿದವರು ಹಾರಿ ಬೀಳುತ್ತಾರೆ. ತಪ್ಪು. ಅದು ಸಿನಿಮಾ.

ವಾದ: .32 ಚಿಕ್ಕದು, ಅಪಾಯವಿಲ್ಲ. ತಪ್ಪು, ಜೀವಕ್ಕೆ ಎರವಾಗುವ ತಪ್ಪು.

ವಾದ: ಮೇಲಕ್ಕೆ ಹಾರಿಸಿದ ಗುಂಡಿನಿಂದ ಏನೂ ಆಗದು. ತಪ್ಪು. ವೇಗ ಇಳಿಯುತ್ತದೆ, ಆದರೆ ತಲೆ ತೂರಲು ಸಾಕಾಗುವಷ್ಟು ಉಳಿಯಬಹುದು.

ಈ ನಾಲ್ಕು ಸಾಲುಗಳನ್ನು ಮೊನ್ನೆ ರಾತ್ರಿ ನಮ್ಮ ಗ್ರೂಪಿಗೆ ಹಾಕಿದೆ. ತುಂಬ ಹೊತ್ತು ಯಾರೂ ಮಾತಾಡಲಿಲ್ಲ. ಬೆಳಿಗ್ಗೆ ಮದುವೆ ಮನೆಯವರಿಂದ ಸಂದೇಶ ಬಂತು. ಡೊಳ್ಳಿನವರಿಗೂ ಹಲಗೆಯವರಿಗೂ ಮುಂಗಡ ಕೊಟ್ಟಾಗಿದೆಯಂತೆ, ಪಿಸ್ತೂಲು ಬೀರುವಿನಲ್ಲೇ ಇರುತ್ತದಂತೆ. ಆ ವಿಡಿಯೊ ನಿಮ್ಮ ಗ್ರೂಪಿಗೂ ಬಂದಿದ್ದರೆ, ಅದರ ಕೆಳಗೆ ಈ ಬರಹವನ್ನೂ ಕಳಿಸಿ. ಮದುವೆ ಸೀಸನ್ ಇನ್ನೂ ಮುಗಿದಿಲ್ಲ.